ಐಹೊಳೆಯ ಬ್ರಹ್ಮ ಮುಂಬೈಯಲ್ಲಿ: ಒಂದು ವಸ್ತುಸಂಗ್ರಹಾಲಯ ನಡಿಗೆಯ ವಿಮರ್ಶೆ

ಮುಂಬೈಯ ಫೋರ್ಟ್ ಭಾಗದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದೊಳಗೆ ಖಾಸಗಿ ತಂಡವೊಂದು ಕೆಲವು ಶನಿವಾರಗಳಂದು ಎರಡೂವರೆ ಗಂಟೆಯ ಮಾರ್ಗದರ್ಶಿ ನಡಿಗೆ ನಡೆಸುತ್ತದೆ. ತಂಡಕ್ಕೂ ಸಂಗ್ರಹಾಲಯಕ್ಕೂ ಸಂಬಂಧವಿಲ್ಲ. ತಲೆಗೆ 800 ರೂಪಾಯಿ, ಪ್ರವೇಶದ ಟಿಕೆಟ್ ಬೇರೆ, ಹದಿನೈದು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ, ವಿವರಣೆ ಇಂಗ್ಲಿಷಿನಲ್ಲಿ, ಕೇಳಿದರೆ ನಡುನಡುವೆ ಹಿಂದಿ ಮತ್ತು ಮರಾಠಿಯಲ್ಲಿ. ನಾವು ಹೋದ ದಿನದ ವಿಷಯ, ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿರುವ ಪ್ರಾಚೀನ ವಸ್ತುಗಳು ಹುಟ್ಟಿದ ನೆಲಕ್ಕೆ ಹಿಂದಿರುಗಬೇಕೇ ಎಂಬುದಾಗಿತ್ತು. ಈ ವಿಷಯದ ಮೇಲೆ ಮುಂಬೈಯಲ್ಲಿ ನಡಿಗೆಯೊಂದು ನಡೆಯುತ್ತಿದೆ ಎಂದು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ, ಏಕೆಂದರೆ ಈ ಪ್ರಶ್ನೆಯನ್ನು ಕೇಳುವುದಕ್ಕೆ ಇದಕ್ಕಿಂತ ತಕ್ಕ ಕಟ್ಟಡ ಈ ಊರಿನಲ್ಲಿ ಇನ್ನೊಂದಿಲ್ಲ.

ನನ್ನ ಜೊತೆಗಿದ್ದವರು ನನ್ನ ಸೋದರಮಾವ. ಹುನಗುಂದ ತಾಲ್ಲೂಕಿನ ಅಮೀನಗಡದ ಕಡೆಯ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮೊಮ್ಮಗಳ ನಾಮಕರಣಕ್ಕೆಂದು ಡೊಂಬಿವಿಲಿಗೆ ಕರದಂಟಿನ ಡಬ್ಬಿ ಸಮೇತ ಬಂದಿದ್ದರು. ಎರಡು ದಿನ ಬಿಡುವಿತ್ತು. ಪ್ರತಿವರ್ಷ ಏಳನೆಯ ತರಗತಿಯ ಮಕ್ಕಳನ್ನು ಐಹೊಳೆ, ಪಟ್ಟದಕಲ್ಲಿಗೆ ಒಂದು ದಿನದ ಪ್ರವಾಸ ಕರೆದೊಯ್ಯುತ್ತಿದ್ದವರು ಅವರು. ಐಹೊಳೆಯ ಒಂದೊಂದು ಗುಡಿಯೂ ಅವರಿಗೆ ತಮ್ಮ ಓಣಿಯ ಮನೆಗಳಷ್ಟೇ ಪರಿಚಿತ.

ಚರ್ಚ್‌ಗೇಟಿನಲ್ಲಿ ಇಳಿದು ನಡೆದುಕೊಂಡೇ ಹೋದೆವು. ಕಟ್ಟಡದ ಬಗ್ಗೆ ಮಾರ್ಗದರ್ಶಿ ಕೊಟ್ಟ ಪರಿಚಯ ಚಿಕ್ಕದಾಗಿ, ಚೊಕ್ಕವಾಗಿ ಇತ್ತು. 1905ರ ನವೆಂಬರಿನಲ್ಲಿ ಮುಂದೆ ಐದನೆಯ ಜಾರ್ಜ್ ಆಗಲಿದ್ದ ವೇಲ್ಸ್ ರಾಜಕುಮಾರ ಅಡಿಗಲ್ಲು ಇಟ್ಟದ್ದು, ಜಾರ್ಜ್ ವಿಟೆಟ್ ನಕ್ಷೆ ಮಾಡಿದ್ದು, ಮೊದಲ ಮಹಾಯುದ್ಧದ ಕಾಲದಲ್ಲಿ ಕಟ್ಟಡ ಸೈನಿಕರ ಆಸ್ಪತ್ರೆಯಾಗಿದ್ದು, 1922ರ ಜನವರಿಯಲ್ಲಿ ಸಂಗ್ರಹಾಲಯವಾಗಿ ತೆರೆದದ್ದು, ಇವಿಷ್ಟನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಕುರ್ಲಾದ ಕಪ್ಪುಗಲ್ಲು ಮತ್ತು ಮಲಾಡಿನ ಹಳದಿಗಲ್ಲಿನಲ್ಲಿ ಕಟ್ಟಿದ ಈ ಕಟ್ಟಡದ ಒಳಗಮಾನುಗಳಿಗೆ ವಿಜಯಪುರದ ಗೋಲ್ ಗುಂಬಜ್ ಮಾದರಿಯಾಯಿತೆಂದು ಅವರು ಹೇಳಿದಾಗ ಮಾಮಾ ತಲೆ ಎತ್ತಿ ಬಹಳ ಹೊತ್ತು ನೋಡಿದರು. ಮಾರ್ಗದರ್ಶಿ ಇತಿಹಾಸದಲ್ಲಿ ಎಂ.ಎ. ಮಾಡಿದ ಮರಾಠಿ ತರುಣಿ. ದನಿ ಸ್ಪಷ್ಟ, ಓದು ಸಾಕಷ್ಟಿದೆ, ಹಿಂದೆ ಉಳಿದವರಿಗಾಗಿ ಕಾಯುವ ತಾಳ್ಮೆಯೂ ಇದೆ.

ಮೊದಲ ಅರ್ಧ ಗಂಟೆಯನ್ನು ಕೊಹಿನೂರಿಗೆ ಕೊಟ್ಟದ್ದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆ ವಜ್ರದ ಕಥೆ ಎಲ್ಲರಿಗೂ ಗೊತ್ತು, ಮತ್ತು ಅದು ಈ ಕಟ್ಟಡದಲ್ಲಿಲ್ಲ. ಆ ಹೊತ್ತಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಕಥೆಯನ್ನಾದರೂ ಹೇಳಬಹುದಿತ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ವಸ್ತುಗಳನ್ನು ಯುದ್ಧದ ಬಹುಮಾನವೆಂದು ಸೇನೆಯವರು ಹಂಚಿಕೊಂಡರು. ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಲಂಡನ್ನಿಗೆ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ಪ್ರದರ್ಶನಶಾಲೆಯಲ್ಲಿದ್ದು, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಇದರಲ್ಲಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬ ಗೊಂದಲವೇ ಇಲ್ಲ. ದಾನವೂ ಇಲ್ಲ, ಮಾರಾಟವೂ ಇಲ್ಲ. ಹಿಂದಿರುಗಿಸಬೇಕೆಂಬ ವಾದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನಮ್ಮ ನಾಡಿನಲ್ಲಿ ಇನ್ನಿಲ್ಲ.

ಅಲ್ಲಿಂದ ಮುಂದಿನ ಭಾಗ, ಅಂದರೆ ಕಾನೂನಿನ ಭಾಗ, ಈ ನಡಿಗೆಯ ನಿಜವಾದ ಬಲ. ಪ್ರಾಚೀನ ವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೋದ ಒಪ್ಪಂದ ಆದದ್ದು 1970ರಲ್ಲಿ, ಭಾರತ ಅದನ್ನು ಅಂಗೀಕರಿಸಿದ್ದು 1977ರಲ್ಲಿ, ನಮ್ಮ ಪ್ರಾಚೀನ ವಸ್ತುಗಳ ಕಾಯ್ದೆ 1972ರದ್ದು. ಇವು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ಹೀಗಾಗಿ ದೇವಸ್ಥಾನದ ಬೀಗ ಒಡೆದು ಇತ್ತೀಚೆಗೆ ಕದ್ದೊಯ್ದ ವಿಗ್ರಹವನ್ನು ಪೊಲೀಸು ಮತ್ತು ಕೋರ್ಟಿನ ಮೂಲಕ ಕೇಳಬಹುದು. ಕಂಪನಿ ಸರ್ಕಾರದ ಕಾಲದಲ್ಲಿ ಹೋದದ್ದನ್ನು ಮಾತುಕತೆಯಿಂದ, ನೈತಿಕ ಒತ್ತಾಯದಿಂದ ಮಾತ್ರ ಕೇಳಬೇಕು. ತಮಿಳುನಾಡಿನ ಶ್ರೀಪುರಂದಾನಿನ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಕೊಂಡು, ಕಳವಿನ ಮಾಲೆಂದು ಗೊತ್ತಾದ ಮೇಲೆ 2014ರಲ್ಲಿ ಹಿಂದಿರುಗಿಸಿದ್ದು ಮೊದಲನೆಯ ಬಗೆ. ಅಮೆರಿಕ 2021ರಲ್ಲಿ 157, 2024ರಲ್ಲಿ 297 ವಸ್ತುಗಳನ್ನು ಒಪ್ಪಿಸಿದ್ದೂ ಅದೇ ದಾರಿಯಲ್ಲಿ. ಎರಡನೆಯ ಬಗೆಯದ್ದಕ್ಕೆ ಬಾಗಿಲು ಇನ್ನೂ ಕಿರಿದು. ಬ್ರಿಟಿಷ್ ಮ್ಯೂಸಿಯಮ್ಮಿನ ಕೈಯನ್ನು 1963ರ ಕಾಯ್ದೆ ಕಟ್ಟಿಹಾಕಿದೆ. ಆದರೆ ಗ್ಲಾಸ್ಗೋ ನಗರಸಭೆಗೆ ಅಂಥ ಕಟ್ಟು ಇಲ್ಲದ್ದರಿಂದ ಅದು 2022ರಲ್ಲಿ ಏಳು ವಸ್ತುಗಳನ್ನು ಭಾರತಕ್ಕೆ ಕೊಡಲು ಒಪ್ಪಿ ಸಹಿ ಹಾಕಿತು. ಈ ವ್ಯತ್ಯಾಸವನ್ನು ಇಷ್ಟು ತಿಳಿಯಾಗಿ ವಿವರಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎರವಲಿಗೂ ಮರಳಿಕೆಗೂ ಇರುವ ದೂರವನ್ನು ಅವರು ಶಿವಾಜಿಯದೆನ್ನುವ ವಾಘನಖ ಎಂಬ ಆಯುಧದಿಂದ ತೋರಿಸಿದರು. 2024ರ ಜುಲೈಯಲ್ಲಿ ಸಾತಾರಾಕ್ಕೆ ಬಂದ ಆ ಹುಲಿಯುಗುರು ಮೂರು ವರ್ಷದ ಎರವಲು. ಅಫ್ಜಲ್ ಖಾನನ ಮೇಲೆ ಬಳಸಿದ್ದು ಇದೇ ಎಂದು ಖಚಿತವಾಗಿ ಹೇಳಲಾಗದೆಂದು ಲಂಡನ್ನಿನ ಸಂಗ್ರಹಾಲಯವೇ ತಿಳಿಸಿದೆ. ಮಹಾರಾಷ್ಟ್ರದ ಜನರ ನಡುವೆ ನಿಂತು ಈ ಎರಡನೆಯ ಮಾತನ್ನೂ ಬಿಡದೆ ಹೇಳಿದ ಆ ತರುಣಿಯ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಉತ್ತರ ಪ್ರದೇಶದ ಪಿಪ್ರಾಹ್ವಾದ ರತ್ನಗಳ ಕಥೆಯನ್ನೂ ಹೇಳಿದರು: 1898ರಲ್ಲಿ ಪೆಪ್ಪೆ ಎಂಬ ಜಮೀನ್ದಾರ ಸ್ತೂಪವನ್ನು ಅಗೆದಾಗ ಬುದ್ಧನ ಅಸ್ಥಿಯ ಜೊತೆ ಸಿಕ್ಕ ರತ್ನಗಳಲ್ಲಿ ಒಂದು ಪಾಲು ಅವನ ಮನೆತನದಲ್ಲೇ ಉಳಿದು, 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನ ಹರಾಜಿಗೆ ಸಿದ್ಧವಾಗಿತ್ತು. ಭಾರತ ಸರ್ಕಾರ ನೋಟಿಸು ಕೊಟ್ಟ ಮೇಲೆ ಹರಾಜು ನಿಂತಿತು, ಕೊನೆಗೆ ಇದೇ ಮುಂಬೈಯ ಗೋದ್ರೆಜ್ ಸಮೂಹ ಅವುಗಳನ್ನು ಕೊಂಡು ಜುಲೈಯಲ್ಲಿ ದೇಶಕ್ಕೆ ತಂದಿತು. ತಂದವರಿಗೆ ಕೃತಜ್ಞತೆ ಹೇಳಲೇಬೇಕು. ಆದರೂ ನಮ್ಮದನ್ನು ನಾವೇ ದುಡ್ಡು ಕೊಟ್ಟು ಪಡೆಯಬೇಕಾಯಿತಲ್ಲ ಎಂಬ ಸಂಕಟ ನನ್ನಲ್ಲಿ ಉಳಿದಿದೆ. ಬುದ್ಧನ ಅಸ್ಥಿಯ ಜೊತೆ ಹೂತಿಟ್ಟದ್ದಕ್ಕೆ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇರಬಾರದು.

ಮಹಡಿ ಹತ್ತಿ ಇಳಿಯುವುದು ಹೆಚ್ಚಿದೆ. ವಯಸ್ಸಾದವರು ಇದನ್ನು ಗಮನಿಸಬೇಕು. ಕುಳಿತುಕೊಳ್ಳಲು ಒಮ್ಮೆ ಮಾತ್ರ ಹತ್ತು ನಿಮಿಷ ಬಿಟ್ಟರು.

ನಿಮ್ರುದ್ ಅರಮನೆಯ ಉಬ್ಬುಶಿಲ್ಪಗಳ ಮುಂದೆ ಮಾತು ಮತ್ತೆ ಗಟ್ಟಿಯಾಯಿತು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯಾದ ಅರಸ ಎರಡನೆಯ ಅಶುರ್‌ನಾಸಿರ್‌ಪಾಲನ ಅರಮನೆ ಅದು, ಈಗಿನ ಇರಾಕಿನಲ್ಲಿದೆ. 1840ರ ದಶಕದಲ್ಲಿ ಆಸ್ಟಿನ್ ಹೆನ್ರಿ ಲೇಯರ್ಡ್ ಅಗೆಸಿದ ಕಲ್ಲುಗಳು ಗಾಳಿ ತುಂಬಿದ ಚರ್ಮದ ತೆಪ್ಪಗಳ ಮೇಲೆ ಟೈಗ್ರಿಸ್ ನದಿಯಲ್ಲಿ ಬಸ್ರಾಕ್ಕೆ ಇಳಿದು, ಹಡಗಿನಲ್ಲಿ ಮುಂಬೈಗೆ ಬಂದು, ಹೆಚ್ಚಿನವು ಇಲ್ಲಿಂದ ಲಂಡನ್ನಿಗೆ ಹೋದವು. ಇಲ್ಲಿನ ಬಂದರಿನಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿ ಜನರಿಗೆ ತೋರಿಸಿದ್ದೂ ಉಂಟು. ಮೂಲಸ್ಥಾನದಲ್ಲಿ ಉಳಿದಿದ್ದ ಅರಮನೆಯನ್ನು 2015ರಲ್ಲಿ ಭಯೋತ್ಪಾದಕರು ಸಿಡಿಸಿ ಹಾಕಿದರು. ಗುಂಪಿನಲ್ಲಿದ್ದ ಒಬ್ಬರು, ಹಾಗಾದರೆ ಹೊರಗೆ ಹೋದದ್ದೇ ಒಳ್ಳೆಯದಾಯಿತಲ್ಲವೇ ಎಂದು ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಾರ್ಗದರ್ಶಿ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಯಿತು: ಉಳಿಸಿದವರಿಗೆ ಋಣಿಯಾಗಿರಬೇಕು, ಆದರೆ ಬೆಂಕಿ ಬಿದ್ದಾಗ ನೆರೆಮನೆಯವರು ಎತ್ತಿಟ್ಟುಕೊಂಡ ಪಾತ್ರೆ ನೆರೆಮನೆಯವರದ್ದಾಗುವುದಿಲ್ಲ. ಲಂಡನ್ನಿನಲ್ಲಿ ಭದ್ರ ಎಂಬ ಮಾತಿಗೂ 2023ರಲ್ಲಿ ಪೆಟ್ಟು ಬಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನ ಉಗ್ರಾಣದಿಂದ ಸುಮಾರು 2000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಇಲ್ಲವೇ ಹಾಳಾಗಿವೆ ಎಂಬುದು ಆಗ ಹೊರಬಂತು.

ಇಷ್ಟು ಚೆನ್ನಾಗಿ ನಡೆದುಬಂದ ನಡಿಗೆ ಸೋತದ್ದು ಎಲ್ಲಿ ಎಂಬುದನ್ನು ಈಗ ಹೇಳಬೇಕು. ಅದು ನೆಲಮಹಡಿಯ ಶಿಲ್ಪಗಳ ಕೋಣೆಯಲ್ಲಿ.

ಐಹೊಳೆಯಲ್ಲಿ ಹುಚ್ಚಪ್ಪಯ್ಯನ ಹೆಸರಿನ ಗುಡಿಯೊಂದರ ಛತ್ತಿನಲ್ಲಿದ್ದ ಬಾದಾಮಿ ಚಾಲುಕ್ಯರ ಕಾಲದ ಬ್ರಹ್ಮ, ವಿಷ್ಣು, ಶಿವರ ದೊಡ್ಡ ಫಲಕಗಳು ಇಂದು ಮುಂಬೈಯ ಈ ಸಂಗ್ರಹಾಲಯದಲ್ಲಿವೆ. ಮಾಮಾ ಬ್ರಹ್ಮನ ಮುಂದೆ ನಿಂತರು. ನಿಂತವರು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದರು, ಆಮೇಲೆ ಪಕ್ಕಕ್ಕೆ ಓರೆ ಮಾಡಿದರು. ಏನು ಮಾಡುತ್ತಿದ್ದಾರೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಅದು ಮಂಟಪದ ಕೆಳಗೆ ನಿಂತು ಮೇಲೆ ನೋಡಲೆಂದು ಕೆತ್ತಿದ ಕಲ್ಲು. ನಮ್ಮ ತಲೆಯ ಮೇಲೆ ತೇಲುವಂತೆ ಕಾಣಲಿ ಎಂದು ಶಿಲ್ಪಿ ಇಟ್ಟ ಮೈ ಬಾಗುಗಳು ಗೋಡೆಗೆ ನೇರವಾಗಿ ನಿಲ್ಲಿಸಿದಾಗ ಬೇರೆಯೇ ಆಗಿಬಿಡುತ್ತವೆ. ಋಷಿಗಳ ನಡುವೆ ಕುಳಿತ ಬ್ರಹ್ಮನ ಮುಖದ ನಯ, ಆ ಕೆಂಚು ಮರಳುಗಲ್ಲಿನ ಬಣ್ಣ, ಯಾವುದೂ ಕಡಿಮೆಯಾಗಿಲ್ಲ. ಸಂಗ್ರಹಾಲಯ ಅದನ್ನು ಕಣ್ಣಿನಂತೆ ಕಾಪಾಡಿದೆ. ಆದರೆ ನೋಡುವವನ ಕುತ್ತಿಗೆ ಮತ್ತು ಕಲ್ಲಿನ ನಡುವೆ ಇದ್ದ ಸಂಬಂಧ ಇಲ್ಲಿಲ್ಲ. ಮಾಮಾ ಸಣ್ಣ ದನಿಯಲ್ಲಿ ಹೇಳಿದರು: “ಯವ್ವಾ, ಇದು ನಮ್ಮ ಮಲಪ್ರಭಾ ದಂಡಿ ಕಲ್ಲು. ಮೂವತ್ತೆರಡು ವರ್ಷ ಹುಡುಗರನ್ನ ಆ ಗುಡಿಗೆ ಕರಕೊಂಡ ಹೋಗೇನಿ. ಇದನ್ನ ತೋರಸಾಕ ಅವರನ್ನ ಮುಂಬೈಗೆ ಕರಕೊಂಡ ಬರಬೇಕಿತ್ತೇನು?”

ನಾನು ಮಾರ್ಗದರ್ಶಿಯನ್ನು ಕೇಳಿದೆ: ಇವನ್ನು ಇಲ್ಲಿಗೆ ತಂದವರು ಯಾರು, ಯಾವ ಅಧಿಕಾರದಿಂದ, ಮತ್ತು ಇವೂ ನಿಮ್ಮ ಇಂದಿನ ವಿಷಯದೊಳಗೆ ಬರುವುದಿಲ್ಲವೇ? ಅವರು, ಆ ಕಾಲದಲ್ಲಿ ರಕ್ಷಣೆಗಾಗಿ ಹೀಗೆ ತರುತ್ತಿದ್ದರು, ಅಲ್ಲದೆ ಇದು ದೇಶದ ಒಳಗಿನ ಮಾತು, ಎಂದು ಹೇಳಿ ಮುಂದಕ್ಕೆ ನಡೆದರು. ಸಿಂಧ್ ಪ್ರಾಂತದ ಮೀರ್‌ಪುರ್ ಖಾಸಿನ ಸ್ತೂಪದಿಂದ ಬಂದ ಸುಟ್ಟಮಣ್ಣಿನ ಶಿಲ್ಪಗಳ ಬಳಿ ನಿಲ್ಲಲೇ ಇಲ್ಲ. 800 ರೂಪಾಯಿಯ ವಿಷಯವಲ್ಲ ಇದು. ಲಂಡನ್ನಿನ ಮುಂದೆ ಕೇಳುವ ಪ್ರಶ್ನೆಯನ್ನು ನಮ್ಮ ಮುಂದೆಯೂ ಕೇಳಿಕೊಳ್ಳಲು ಎರಡೂವರೆ ಗಂಟೆಯಲ್ಲಿ ಐದು ನಿಮಿಷ ಸಿಗಲಿಲ್ಲ ಎಂಬುದು ನನ್ನ ದೂರು.

ಆ ಐದು ನಿಮಿಷದಲ್ಲಿ ಏನು ಹೇಳಬಹುದಿತ್ತು? ಐಹೊಳೆ ಆಗ ವಿಜಯಪುರ ಜಿಲ್ಲೆಯಲ್ಲಿತ್ತು, ವಿಜಯಪುರ ಜಿಲ್ಲೆ 1956ರವರೆಗೂ ಮುಂಬೈ ಆಡಳಿತಕ್ಕೆ ಸೇರಿತ್ತು. ಸಿಂಧ್ ಪ್ರಾಂತವೂ 1936ರವರೆಗೆ ಮುಂಬೈ ಪ್ರಾಂತದ ಭಾಗ. ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ ಮೀರ್‌ಪುರ್ ಖಾಸಿನಲ್ಲಿ ಅಗೆತ ನಡೆಸಿದ್ದೂ ಆ ಕಾಲದಲ್ಲೇ. ರಾಜಧಾನಿಯಲ್ಲಿ ಹೊಸ ಸಂಗ್ರಹಾಲಯ ಏಳುತ್ತಿದ್ದಾಗ ಪ್ರಾಂತದ ಮೂಲೆಮೂಲೆಯಿಂದ ವಸ್ತುಗಳು ಅಲ್ಲಿಗೆ ಸೇರಿದ್ದು ಸಹಜವೇ. ಅದನ್ನು ಕಳವೆಂದು ನಾನು ಕರೆಯುವುದಿಲ್ಲ. ಟಿಪ್ಪುವಿನ ಹುಲಿಗೂ ಐಹೊಳೆಯ ಬ್ರಹ್ಮನಿಗೂ ಒಂದೇ ತಕ್ಕಡಿ ಹಿಡಿದರೆ ಎರಡಕ್ಕೂ ಅನ್ಯಾಯ. ಆದರೆ ಗಡಿಗಳು ಬದಲಾದವು. ಬ್ರಹ್ಮನ ಊರು ಕರ್ನಾಟಕಕ್ಕೆ ಬಂತು, ಮೀರ್‌ಪುರ್ ಖಾಸ್ ಪಾಕಿಸ್ತಾನಕ್ಕೆ ಹೋಯಿತು, ವಸ್ತುಗಳು ಮಾತ್ರ ಹಳೆಯ ರಾಜಧಾನಿಯಲ್ಲೇ ಉಳಿದವು.

ಇಂಥದ್ದೇ ಗಂಟನ್ನು ಬಿಡಿಸಿದ ಉದಾಹರಣೆಯೊಂದಿದೆ. ಐಸ್‌ಲ್ಯಾಂಡಿನ ಹಳೆಯ ಚರ್ಮದ ಹಸ್ತಪ್ರತಿಗಳು, ಆ ನಾಡು ಡೆನ್ಮಾರ್ಕಿನ ಅರಸರ ಕೈಕೆಳಗಿದ್ದ ಕಾಲದಲ್ಲಿ ಕೋಪನ್‌ಹೇಗನ್ ಸೇರಿದ್ದವು. ಅಲ್ಲಿ ಅವನ್ನು ಬಹುಮಟ್ಟಿಗೆ ಕೂಡಿಹಾಕಿದವರು ಆರ್ನಿ ಮಾಗ್ನುಸನ್ ಎಂಬ ಐಸ್‌ಲ್ಯಾಂಡಿನವರೇ. ಲೂಟಿಯ ಮಾತು ಅಲ್ಲಿ ಇರಲಿಲ್ಲ. ಆದರೂ ಸ್ವತಂತ್ರವಾದ ನಾಡು ಕೇಳಿತು, ಡೆನ್ಮಾರ್ಕ್ ವರ್ಷಗಟ್ಟಲೆ ಚರ್ಚಿಸಿ ಕಾಯ್ದೆ ಮಾಡಿತು, 1971ರ ಏಪ್ರಿಲ್ 21ರಂದು ಮೊದಲ ಎರಡು ಪ್ರತಿಗಳನ್ನು ಹೊತ್ತ ಹಡಗು ಬಂದಾಗ ಬಂದರಿನಲ್ಲಿ ಸಾವಿರಾರು ಜನ ನಿಂತಿದ್ದರು. ಒಂದು ಪಾಲು ಹಿಂದಿರುಗಿತು, ಇನ್ನೊಂದು ಪಾಲು ಕೋಪನ್‌ಹೇಗನ್ನಿನಲ್ಲೇ ಉಳಿಯಿತು. ಆ ಕೆಲಸ ಮುಗಿಯುವಾಗ 1997 ಆಗಿತ್ತು. ಯಾರನ್ನೂ ಕಳ್ಳರೆಂದು ಕರೆಯದೆ, ಒಂದೊಂದು ವಸ್ತುವನ್ನೂ ಬೇರೆಬೇರೆಯಾಗಿ ಕುಳಿತು ನೋಡಿ ಮಾಡಿದ ನಿರ್ಣಯವದು. ನಮಗೆ ಬೇಕಾದದ್ದು ಅಂಥ ತಾಳ್ಮೆ.

ಐಹೊಳೆಯ ಗುಡಿ ಇನ್ನೂ ನಿಂತಿದೆ. ದುರ್ಗದ ಗುಡಿಯ ಆವರಣದಲ್ಲಿ ಪುರಾತತ್ವ ಇಲಾಖೆಯ ಸಂಗ್ರಹಾಲಯವೇ ಇದೆ. ಛತ್ತಿನ ಕಲ್ಲು ಯಾವ ಊರಿನದು, ಯಾವ ಗುಡಿಯದು ಎಂಬುದರಲ್ಲಿ ಅನುಮಾನವಿಲ್ಲ. ಹೀಗಿರುವಾಗ ಅದನ್ನು ಅಲ್ಲಿಗೆ ಕಳಿಸುವ ಮಾತುಕತೆ ಶುರುವಾಗಬೇಕೆಂದು ಮುಂಬೈಯಲ್ಲಿ ಬೆಳೆದು, ಈ ಸಂಗ್ರಹಾಲಯವನ್ನು ಬಾಲ್ಯದಿಂದ ಪ್ರೀತಿಸಿದ ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮೊದಲ ಹೆಜ್ಜೆ ದೀರ್ಘ ಎರವಲಾಗಿದ್ದರೂ ಆದೀತು. ಮೀರ್‌ಪುರ್ ಖಾಸಿನ ಮಾತು ಇದಕ್ಕಿಂತ ಕಷ್ಟ. ಎರಡು ದೇಶಗಳ ಈಗಿನ ಸ್ಥಿತಿಯಲ್ಲಿ ಅದು ನಾಳೆ ನಾಡಿದ್ದು ಆಗುವ ಕೆಲಸವಲ್ಲ. ಆದರೆ ಅಲ್ಲಿಂದ ಬಂದ ಶಿಲ್ಪಗಳಲ್ಲಿ, ಕೈಯಲ್ಲಿ ಹೂ ಹಿಡಿದು ನಿಂತ ಗುಂಗುರು ಕೂದಲಿನ ದಾನಿಯ ಮೂರ್ತಿಯ ಮೈಮೇಲೆ ಹಳೆಯ ಬಣ್ಣದ ಗುರುತು ಇನ್ನೂ ಉಳಿದಿದೆ. ಸಿಂಧಿನ ಯಾವುದೋ ಮಗುವೂ ಅದನ್ನು ನೋಡಬೇಕು ಎಂದು ಒಪ್ಪಿಕೊಳ್ಳುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಶ್ರವಣಬೆಳಗೊಳದ ಕಂಚಿನ ಬಾಹುಬಲಿಯೂ ಇಲ್ಲಿಯೇ ಇದ್ದಾನೆ. ಹಿಂದಕ್ಕೆ ಬಾಚಿದ ಕೂದಲು ಭುಜದ ಮೇಲೆ ಇಳಿದು, ಬಳ್ಳಿ ಕಾಲು ತೋಳುಗಳನ್ನು ಸುತ್ತಿಕೊಂಡ ಈ ಪುಟ್ಟ ಮೂರ್ತಿ, ಚಾವುಂಡರಾಯ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸುವುದಕ್ಕಿಂತ ಹಿಂದಿನದೆಂದು ವಿದ್ವಾಂಸರು ಹೇಳುತ್ತಾರೆ. ಕನ್ನಡಿಗರು ಇದರ ಮುಂದೆ ಹತ್ತು ನಿಮಿಷವಾದರೂ ನಿಲ್ಲಬೇಕು. ಇದನ್ನೂ ಕೂಡಲೇ ಕೊಡಿ ಎಂದು ನಾನು ಹೇಳುವುದಿಲ್ಲ; ಎತ್ತಿಕೊಂಡು ಹೋಗಬಹುದಾದ ಮೂರ್ತಿ ಬೇರೆ, ಕಟ್ಟಡದ ಮೈಯಿಂದ ಬಿಡಿಸಿದ ಕಲ್ಲು ಬೇರೆ.

ಹಿಂದಿರುಗಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ತಮಿಳುನಾಡಿನ ಪತ್ತೂರಿನಿಂದ ಕಳುವಾದ ನಟರಾಜನಿಗಾಗಿ ಲಂಡನ್ನಿನ ಕೋರ್ಟಿನಲ್ಲಿ ದೇವಸ್ಥಾನದ ಪರವಾಗಿ ವ್ಯಾಜ್ಯ ಹೂಡಿ ಗೆದ್ದು 1991ರಲ್ಲಿ ತಂದರು. ಆದರೆ ಕಳ್ಳರ ಭಯದಿಂದ ಆ ಮೂರ್ತಿ ಊರಿಗೆ ಹೋಗದೆ ತಿರುವಾರೂರಿನ ವಿಗ್ರಹ ಸಂರಕ್ಷಣಾ ಕೇಂದ್ರದ ಬೀಗದೊಳಗೆ ವರ್ಷಗಟ್ಟಲೆ ಉಳಿಯಿತು. ಕೇಳುವ ಹಕ್ಕಿನ ಜೊತೆ ಕಾವಲಿನ ಸಂಬಳ, ಬೆಳಕು, ಬೀಗ, ಒಬ್ಬ ಓದಿದ ಕ್ಯುರೇಟರ್ ಇವೆಲ್ಲವನ್ನೂ ನಾವು ಹೊಂದಿಸಿಕೊಡಬೇಕು. ನಡಿಗೆಯಲ್ಲಿ ಈ ಮಾತೂ ಬರಲಿಲ್ಲ.

ಇಷ್ಟು ಕೊರತೆಗಳ ನಡುವೆಯೂ ಹೋಗಬೇಕೇ ಎಂದು ಕೇಳಿದರೆ, ಹೋಗಲೇಬೇಕು ಎನ್ನುತ್ತೇನೆ. ಕಾನೂನು, ಎರವಲು, ನಿಮ್ರುದ್ ಈ ಮೂರು ಭಾಗಗಳಿಗಾಗಿಯೇ ಕೊಟ್ಟ ದುಡ್ಡು ಸಾರ್ಥಕ. ಹತ್ತನೆಯ ತರಗತಿ ದಾಟಿದ ಮಕ್ಕಳನ್ನು ಕರೆದೊಯ್ಯಬಹುದು, ಚಿಕ್ಕವರಿಗೆ ಬೇಸರವಾಗುತ್ತದೆ. ಮಾರ್ಗದರ್ಶಿಯ ಮಾತು ಮುಗಿದ ಮೇಲೆ ಹೊರಡಬೇಡಿ, ಟಿಕೆಟ್ ದಿನವಿಡೀ ನಡೆಯುತ್ತದೆ. ನೆಲಮಹಡಿಯ ಶಿಲ್ಪಗಳ ಕೋಣೆಗೆ ಮರಳಿ ಹೋಗಿ ನಿಮ್ಮಷ್ಟಕ್ಕೆ ನೋಡಿ. ಎದುರಿಗಿರುವ ವಸ್ತುವಿನ ಬಗ್ಗೆ, ಇದು ಇಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಿ. ನಾಲ್ಕು ಜನ ಕೇಳಿದರೆ ಮುಂದಿನ ವಾರ ಉತ್ತರ ಸಿದ್ಧವಾಗಿರುತ್ತದೆ.

ಕೊನೆಯಲ್ಲಿ ಅಭಿಪ್ರಾಯ ಬರೆಯಲು ಕೊಟ್ಟ ಹಾಳೆಯಲ್ಲಿ ಮಾಮಾ ಕನ್ನಡದಲ್ಲೇ ಒಂದು ಪುಟ ತುಂಬಿಸಿದರು, ನಾನು ಕೆಳಗೆ ಮರಾಠಿಯಲ್ಲಿ ಸಾರಾಂಶ ಬರೆದುಕೊಟ್ಟೆ. ಮೂರು ದಿನದ ಮೇಲೆ ಆ ತರುಣಿ ಫೋನ್ ಮಾಡಿ, ಐಹೊಳೆ ಮತ್ತು ಮೀರ್‌ಪುರ್ ಖಾಸ್ ಎರಡನ್ನೂ ಓದಿಕೊಳ್ಳುತ್ತಿರುವುದಾಗಿ ತಿಳಿಸಿದರು. ಹತ್ತು ಜನ ಸೇರಿದರೆ ಕರ್ನಾಟಕದ ಶಿಲ್ಪಗಳಿಗಾಗಿಯೇ ಒಂದು ನಡಿಗೆಯನ್ನು, ಜೊತೆಗೆ ನಿಂತು ಕನ್ನಡದಲ್ಲಿ ಹೇಳುವವರೊಬ್ಬರನ್ನು ಕರೆತಂದರೆ ಕನ್ನಡದಲ್ಲಿಯೇ, ಇಟ್ಟುಕೊಳ್ಳಲು ಸಿದ್ಧ ಎಂದರು. ಮಾಮಾ ದಸರೆಗೆ ಮತ್ತೆ ಬರಲು ಒಪ್ಪಿದ್ದಾರೆ. ಈವರೆಗೆ ನಾವು ಏಳು ಜನ ಆಗಿದ್ದೇವೆ. ಇನ್ನೂ ಮೂವರು ಬೇಕು.